ಭಾವನ ಸರ್ವರು

ಮುಂಬೈಯ ಆಂಟಾಪ್ ಹಿಲ್‌ನ ಸಿಜಿಎಸ್ ಕಾಲೋನಿಯಲ್ಲಿ ನಮ್ಮ ಭಾವ ಇರುವ ಕ್ವಾರ್ಟರ್ಸು ಕೇಂದ್ರ ಸರ್ಕಾರದ್ದು, ಸೋರುವ ತಾರಸಿ ಸಿಪಿಡಬ್ಲ್ಯುಡಿಯದ್ದು, ಕರೆಂಟು ಬೆಸ್ಟಿನದ್ದು, ನೀರು ಪಾಲಿಕೆಯದ್ದು. ಸರ್ವರು ಮಾತ್ರ ಭಾವನ ಸ್ವಂತದ್ದು.

"ನಮ್ಮ ಫೋಟೋ ಕಂಡವರ ಮನೆಯಲ್ಲಿ ಯಾಕಿರ್ಬೇಕು ಮಾರಾಯ?" ಎನ್ನುವುದು ಅವರ ಪ್ರಶ್ನೆ. ನಿವೃತ್ತಿಯಾದ ಮೇಲೆ ಈ ಮನೆಯ ಕೀಲಿಕೈಯನ್ನೂ ಕಂಡವರಿಗೇ ಒಪ್ಪಿಸಬೇಕಲ್ಲ ಎಂದು ನಾನು ಕೇಳಲು ಹೋಗಿಲ್ಲ. 2021ರ ಜೂನ್ 1ರಿಂದ ಗೂಗಲ್ ಫೋಟೋಸಿನ ಲೆಕ್ಕವಿಲ್ಲದ ಪುಕ್ಕಟೆ ಜಾಗ ನಿಂತುಹೋದಾಗ ಉಳಿದವರು ಗೊಣಗಿ ದುಡ್ಡು ಕಟ್ಟಿದರು, ಭಾವ ಶಪಥ ಮಾಡಿದರು. ಪರದೆ ಒಡೆದ ಹಳೆಯ ಲ್ಯಾಪ್‌ಟಾಪೊಂದು ಅಂದಿನಿಂದ ಫ್ರಿಜ್ಜಿನ ತಲೆಯ ಮೇಲೆ ಕೂತು ನೆಕ್ಸ್ಟ್‌ಕ್ಲೌಡು, ಆಮೇಲಾಮೇಲೆ ಇಮ್ಮಿಚ್ಚು ಎಂಬ, ಫೋಟೋ ಕಾಯುವ ತಂತ್ರಾಂಶಗಳನ್ನು ಓಡಿಸುತ್ತಿದೆ. ಈ ಜಾತಿಯವರು ಈಗ ಕಾಲೋನಿಗೊಬ್ಬರು ಸಿಗುತ್ತಾರೆ. ಊಟ ಆಯ್ತಾ ಎನ್ನುವ ಮೊದಲು ಬ್ಯಾಕಪ್ ಆಯ್ತಾ ಎಂದು ಕೇಳಿದರೆ, ಅವರೇ.

ಇಷ್ಟಕ್ಕೇ ನಿಂತಿದ್ದರೆ ಮನೆಯಲ್ಲಿ ಶಾಂತಿ ಇರುತ್ತಿತ್ತು. ಗಣೇಶೋತ್ಸವದ ಚಂದಾ ರಸೀದಿಗೆಂದು ಭಾವ ಒಂದು ಮುಕ್ತ ತಂತ್ರಾಂಶವನ್ನು ತಂದರು. ಡಾಕರ್ ಎಂಬ ಡಬ್ಬಿಯಲ್ಲಿ ಕಟ್ಟಿ ಬಂದ ಅದರ ಸಿದ್ಧ ಇಮೇಜಿನಲ್ಲಿ ಕನ್ನಡ ಫಾಂಟು ಇರಲಿಲ್ಲ. ದಾನಿಗಳ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಬಂದವು. ಮದ್ದು ಒಂದೇ ಸಾಲಿನದು. ಇಮೇಜು ಕಟ್ಟುವ ವಿಧಾನ ಬರೆದ ಡಾಕರ್‌ಫೈಲಿನಲ್ಲಿ ಇಮೇಜಿನ ತಳಪಾಯವಾದ ಡೆಬಿಯನ್ ಲಿನಕ್ಸಿನ ಕನ್ನಡ ಫಾಂಟುಗಳ ಕಟ್ಟನ್ನು ಸೇರಿಸಿದರೆ ಗುಬ್ಬಿ, ನವಿಲು ಎಂಬ ಫಾಂಟುಗಳು ಹಾರಿಬಂದು ಕೂರುತ್ತವೆ. ಕೂತವು. ರಸೀದಿಯೂ ಚೆನ್ನಾಗಿ ಬಂತು. ಆದರೆ ಡಾಕರ್‌ಫೈಲು ತೆರೆದ ಗಂಡಸು ಒಂದೇ ಸಾಲಿಗೆ ಮುಚ್ಚಿದ್ದನ್ನು ಯಾರಾದರೂ ಕಂಡಿದ್ದೀರಾ?

"ರಸೀದಿ ಬರೆಯಲಿಕ್ಕೆ ಒಂದು ಜಿಬಿ ಇಮೇಜಾ? ಛೇ!" ಎಂದು ಭಾವ ಅದಕ್ಕೆ ಪಥ್ಯ ಹಿಡಿಸಿದರು. 2017ರಲ್ಲಿ ಡಾಕರಿಗೆ ಬಂದ ಹಲವು ಹಂತದ ಬಿಲ್ಡನ್ನು ಕಲಿತರು: ಕಟ್ಟುವ ಸಾಮಗ್ರಿಯೆಲ್ಲ ಮೊದಲ ಹಂತದಲ್ಲೇ ಬಿಟ್ಟು, ಕಟ್ಟಿದ್ದನ್ನು ಮಾತ್ರ ಮುಂದಿನದಕ್ಕೆ ಒಯ್ಯುವುದು. ಇಮೇಜಿನ ಪದರಗಳ ಪಾಠ ನನಗೂ ಆಯಿತು. ಒಂದು ಕೋಣೆಯ ಮನೆಯಲ್ಲಿ ಹಾಸಿಗೆ ಒಟ್ಟಿದ ಹಾಗಂತೆ. ಕೆಳಗಿನದನ್ನು ಎಳೆದರೆ ಮೇಲಿನವನ್ನೆಲ್ಲ ಹೊಸದಾಗಿ ಮಡಚಬೇಕು. ಆದ್ದರಿಂದ ಪ್ಯಾಕೇಜುಗಳ ಪಟ್ಟಿ ಮೊದಲು, ದಿನಾ ಬದಲಾಗುವ ಕೋಡು ಕೊನೆಗೆ. ಇದನ್ನು ವಿವರಿಸುವಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಅವರ ಮದುವೆಯ ಆಲ್ಬಮ್ಮಿನಲ್ಲೂ ನೋಡಿಲ್ಲ.

ನಡುವೆ ಸಿದ್ಧ ಇಮೇಜುಗಳ ಉಗ್ರಾಣವಾದ ಡಾಕರ್ ಹಬ್ಬಿನವರು ಭಾವನಿಗೆ ಬಾಗಿಲು ಹಾಕಿದರು. ಲಾಗಿನ್ ಆಗದೆ ಎಳೆಯುವವರಿಗೆ ಆರು ಗಂಟೆಗೆ 100 ಸಲ ಎಂದು ಅವರು 2020ರಲ್ಲೇ ಗೆರೆ ಎಳೆದಿದ್ದಾರೆ. ಬಿಲ್ಡು ಒಡೆದಾಗಲೆಲ್ಲ ಭಾವ ಇದ್ದದ್ದನ್ನೆಲ್ಲ ಅಳಿಸಿ ಮೊದಲಿಂದ ಎಳೆಯುವವರು. ಯಾರ ಹಂಗೂ ಬೇಡವೆಂದ ಮನುಷ್ಯ ಕೊನೆಗೆ ಅಲ್ಲೂ ಒಂದು ಖಾತೆ ತೆರೆದರು.

ಮನೆಯ ಅಟ್ಟದಲ್ಲಿ ಮಾತ್ರ ಇಮೇಜಿನ ಈ ಪಥ್ಯ ನಡೆಯದು. ಅಲ್ಲಿ ಸತ್ತ ಮೋಡೆಮ್ಮುಗಳು, ಯಾವ ತೂತಿಗೂ ಹೊಂದದ ಚಾರ್ಜರುಗಳು, ಗಂಟುಬಿದ್ದ ಕೇಬಲ್ಲುಗಳು ಮುಟ್ಟಲಾರದ ಆಸ್ತಿ. "ಅವರ ಇಮೇಜಿನೊಳಗೆ ಬೇಡದ್ದು ಒಂದು ಸಾಸಿವೆ ಕಾಳೂ ಇರ್ಬಾರ್ದಂತೆ, ನನ್ನ ಉಪ್ಪಿನಕಾಯಿ ಭರಣಿ ಇಡ್ಲಿಕ್ಕೆ ಜಾಗ ಇಲ್ಲ" ಎಂದು ಅಕ್ಕ ಹೇಳುವಾಗ ಭಾವ ಕಿವಿಗೆ ಹೆಡ್‌ಫೋನ್ ಏರಿಸುತ್ತಾರೆ.

ಕೊನೆಗೆ ಐದು ಎಂಬಿ ಆಸುಪಾಸಿನ ಆಲ್ಪೈನ್ ಲಿನಕ್ಸಿನ ಇಮೇಜು ಭಾವನ ಕಣ್ಣಿಗೆ ಬಿತ್ತು. ಡೆಬಿಯನ್ನನ್ನು ಬಿಟ್ಟು ಎಲ್ಲವನ್ನೂ ಅದರ ಮೇಲೆ ಕಟ್ಟತೊಡಗಿದರು. ಬರಿಯ ಆಲ್ಪೈನಿನಲ್ಲಿ ಊರೂರಿನ ಗಡಿಯಾರದ ಲೆಕ್ಕವೂ ಇರುವುದಿಲ್ಲ. ನಲ್ಲಿ ನೀರು ಬರುವ ಬೆಳಗಿನ 6 ಗಂಟೆಗೆ ಕೂಗಬೇಕಾದ ಸರ್ವರಿನ ಅಲಾರಾಂ ಹನ್ನೊಂದೂವರೆಗೆ ಕೂಗಿತು. ಗ್ರೀನಿಚ್ಚಿನ ಲೆಕ್ಕಕ್ಕೆ ಅದು ಸರಿಯಾಗಿ ಆರೇ. ಅಕ್ಕ ಖಾಲಿ ಡ್ರಮ್ಮಿನ ಮುಂದೆ ನಿಂತು ಗ್ರೀನಿಚ್ಚಿನವರಿಗೆ ತುಳುವಿನಲ್ಲಿ ಏನು ಹೇಳಿದಳೋ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗಡಿಯಾರ ರಿಪೇರಿಯಾಯಿತು. ಗುಬ್ಬಿ, ನವಿಲುಗಳು ಡೆಬಿಯನ್ನಿನಲ್ಲೇ ಉಳಿದದ್ದು ಯಾರ ಗಮನಕ್ಕೂ ಬರಲಿಲ್ಲ. ಚೌತಿಯ ದಿನ ಪೆಂಡಾಲಿನಲ್ಲಿ ಕ್ಯಾಂಟೀನಿನ ಶೆಟ್ರು 501 ರೂಪಾಯಿ ಕೊಟ್ಟು ರಸೀದಿ ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿದರು, ಕನ್ನಡಕ ಹಾಕಿ ನೋಡಿದರು.

"ನಾನು ಕೊಟ್ಟದ್ದು ಗಣಪತಿಗೆ ಮಾರಾಯ್ರೆ. ಹೌಸಿ ಟಿಕೇಟು ಯಾಕೆ ಕೊಟ್ರಿ?"

"ಇಮೇಜು ಈಗ ಎಪ್ಪತ್ತೇ ಎಂಬಿ ಶೆಟ್ರೇ" ಎಂದರು ಭಾವ, ಚೌಕಗಳ ಕಡೆ ನೋಡದೆ. "ಕನ್ನಡ ಹಾಕಿದ್ರೆ ಪುನಃ ದಪ್ಪ ಆಗ್ತದೆ. ನಿಮ್ಮ ಹೆಸರು ಇಂಗ್ಲಿಷಿನಲ್ಲಿ ಆದೀತಾ?"

ಶೆಟ್ರು ಕೈ ಚಾಚಿದರು. "ಆದೀತು. ಆ ಐನೂರನ್ನು ಇತ್ಲಾಗಿ ಕೊಡಿ, ಒಂದು ರೂಪಾಯಿ ನಿಮ್ಮಲ್ಲೇ ಇರ್ಲಿ. ನನ್ನ ಚಂದಾವೂ ಸ್ವಲ್ಪ ಸಪೂರ ಆಗ್ಲಿ."