ಚೀಲದಜ್ಜಿ

ಭದ್ರಾವತಿಯ ಜನ್ನಾಪುರ, ನ್ಯೂಟೌನ್, ಪೇಪರ್‌ಟೌನ್ ಕಡೆ ಬೀದಿಗೊಬ್ಬಳಾದರೂ ಚೀಲದಜ್ಜಿ ಇದ್ದೇ ಇರುತ್ತಾಳೆ. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲೂ, ವಿನೋಬನಗರ, ದುರ್ಗಿಗುಡಿಗಳಲ್ಲಿ ಇದ್ದಾಳೆ; ಅಲ್ಲಿ ಅವಳ ಸೀರೆಗೆ ಸ್ವಲ್ಪ ಇಸ್ತ್ರಿ ಜಾಸ್ತಿ, ಅಷ್ಟೇ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿಡುವ ಹೊತ್ತಿಗೆ ಅವಳ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿದ್ದಿರುತ್ತದೆ. ಬೆಂಗಳೂರಿಂದ ಬರುವ ಮೊಮ್ಮಕ್ಕಳ ರೈಲು ಇನ್ನೂ ಬೀರೂರು ದಾಟಿರುವುದಿಲ್ಲ, ಇಲ್ಲಿ ಅವರ ಹೆಸರಿನಲ್ಲಿ ಪ್ರವಾಸದ ಚೀಲಗಳು ಗೋಡೆಯ ಮೊಳೆಗೆ ನೇತು ಬಿದ್ದಿರುತ್ತವೆ.

ಚೀಲಕ್ಕೆ ಬಟ್ಟೆ ಎಲ್ಲಿಂದ ಬರುತ್ತದೆ ಎಂಬುದನ್ನು ಕೇಳಬಾರದು. ಕೇಳಿದವರು ಆಮೇಲೆ ಮನೆಯ ಕಿಟಕಿಗಳ ಕಡೆ ನೋಡಿ ಪರದೆ ಇಲ್ಲದ್ದನ್ನು ಗಮನಿಸುತ್ತಾರೆ. ಅಜ್ಜನ ಕಾರ್ಖಾನೆಯ ಪ್ಯಾಂಟುಗಳು ಮೊದಲ ದರ್ಜೆಯ ಮಾಲು. ಕುಲುಮೆಯ ಶಾಖ ತಡೆದುಕೊಂಡ ಬಟ್ಟೆ ಮಕ್ಕಳ ಕಾಟ ತಡೆಯುವುದಿಲ್ಲವೇ ಎಂಬುದು ಅವಳ ವಾದ. ಅದು ಮುಗಿದರೆ ಮದುವೆ ಮನೆಗಳ ತಾಂಬೂಲದ ಚೀಲ. ಎರಡನ್ನು ಬಿಚ್ಚಿ ಒಂದು ಮಾಡಿದರೆ ಐದು ವರ್ಷದ ಮಗುವಿನ ಬೆನ್ನಿಗೆ ಸರಿಯಾಗಿ ಕೂರುತ್ತದೆ. ಬೆನ್ನ ಮೇಲೆ ವಧೂವರರ ಹೆಸರು, ಛತ್ರದ ವಿಳಾಸ, ಮುಹೂರ್ತ ಸಮೇತ ಮಗು ಊರೂರು ಸುತ್ತುತ್ತದೆ. ಅಂಥ ಒಂದು ಚೀಲದ ದಂಪತಿ ಎರಡೇ ವರ್ಷಕ್ಕೆ ಬೇರೆಯಾದರು. "ಹೊಲಿಗೆ ಮಾತ್ರ ಗಟ್ಟಿ ಇದೆ ನೋಡು" ಎಂದು ಅಜ್ಜಿ ಈಗಲೂ ಅದನ್ನು ಎಳೆದು ತೋರಿಸುತ್ತಾಳೆ.

ಜಿಪ್ಪು, ರನ್ನರ್, ಲಾಡಿ, ಅಸ್ತರಿನ ಬಟ್ಟೆ ಇಷ್ಟನ್ನು ಮಾತ್ರ ದುಡ್ಡು ಕೊಟ್ಟು ತರುವುದು. ಅದಕ್ಕೆ ಶಿವಮೊಗ್ಗದ ಗಾಂಧಿ ಬಜಾರೇ ಆಗಬೇಕು. ಮೂವತ್ತು ರೂಪಾಯಿಯ ಜಿಪ್ಪಿಗೆ ಅದಕ್ಕಿಂತ ಹೆಚ್ಚು ಬಸ್ ಚಾರ್ಜು ಆಗುತ್ತಿತ್ತು, ಈಗ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಆ ಲೆಕ್ಕವೂ ಅವಳ ಪರವಾಗಿಯೇ ತಿರುಗಿದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧಿಸಿದ್ದನ್ನೂ ಅವಳು ತನ್ನ ಜೀವಮಾನದ ಸಾಧನೆಗಳ ಪಟ್ಟಿಗೆ ಸೇರಿಸಿಕೊಂಡಿದ್ದಾಳೆ.

ಆದರೆ ಚೀಲದ ಒಳಗಿನ ಬುದ್ಧಿವಂತಿಕೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹೆಗಲ ಪಟ್ಟಿಯನ್ನು ಒಂದು ಗೇಣು ಒಳಕ್ಕೆ ಮಡಚಿ ಹೊಲಿದಿರುತ್ತಾಳೆ; ಮಗು ಬೆಳೆದಂತೆ ಬಿಚ್ಚುತ್ತ ಹೋಗಬಹುದು. ಪಟ್ಟಿಯ ತುದಿಗೊಂದು ಕುಣಿಕೆ, ಹೋಟೆಲಿನಲ್ಲಿ ಕುರ್ಚಿಗೆ ಸಿಕ್ಕಿಸಲು. ಮಗುವಿನ ಹೆಸರು ಮತ್ತು ಫೋನ್ ನಂಬರು ಹೊರಗೆ ಕಾಣುವ ಹಾಗೆ ಇರುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅದನ್ನು ಓದಿ ಹೆಸರು ಹಿಡಿದು ಕರೆದರೆ ಮಗು ನಂಬಿ ಹೊರಟುಬಿಡುತ್ತದೆ. ಹಾಗಾಗಿ ಒಳಗೆ, ಅಸ್ತರಿನ ಮೇಲೆ, ಕೆಂಪು ದಾರದಲ್ಲಿ ಕಸೂತಿ. ಕಂಪನಿ ಬದಲಾಯಿಸುವ ಭರದಲ್ಲಿ ನಂಬರನ್ನೇ ಬದಲಾಯಿಸಿಕೊಂಡ ಮಗನನ್ನು ಅವಳು ಇನ್ನೂ ಕ್ಷಮಿಸಿಲ್ಲ. ಹತ್ತು ಅಂಕಿ ಬಿಚ್ಚಿ ಹತ್ತು ಅಂಕಿ ಹೊಲಿಯುವುದೆಂದರೆ ಹುಡುಗಾಟವೇ?

ತೂಕದ ವಿಷಯದಲ್ಲಂತೂ ಕಟ್ಟುನಿಟ್ಟು. 2019ರಲ್ಲಿ ಶಿಕ್ಷಣ ಇಲಾಖೆ ಶಾಲೆಯ ಬ್ಯಾಗಿಗೆ ಮಿತಿ ಹಾಕಿ, ಒಂದು ಎರಡನೇ ತರಗತಿಯ ಮಕ್ಕಳಿಗೆ ಒಂದೂವರೆಯಿಂದ ಎರಡು ಕಿಲೋ, ಮೂರರಿಂದ ಐದನೇ ತರಗತಿಯವರಿಗೆ ಎರಡರಿಂದ ಮೂರು ಕಿಲೋ ಎಂದು ಹೇಳಿದ ಸುತ್ತೋಲೆಯನ್ನು ಶಾಲೆಗಳು ಎಷ್ಟು ಪಾಲಿಸಿದವೋ, ಚೀಲದಜ್ಜಿ ಮಾತ್ರ ಪ್ರವಾಸದ ಚೀಲಕ್ಕೂ ಅನ್ವಯಿಸಿದ್ದಾಳೆ. ಹೊರಡುವ ಹಿಂದಿನ ರಾತ್ರಿ ಪ್ರತಿ ಚೀಲವೂ ಅಡಿಗೆಮನೆಯ ತೂಕದ ಸ್ಪ್ರಿಂಗಿಗೆ ನೇತಾಡಬೇಕು. ಅಂಗಿ, ಚಡ್ಡಿ, ಒಂದು ಟವೆಲು, ಸ್ಟೀಲ್ ಲೋಟ, ಬಣ್ಣದ ಪೆನ್ಸಿಲು, ಒಂದು ಪುಸ್ತಕ. ಈ ಪುಸ್ತಕದ ಸಂಗತಿ ಆಮೇಲೆ.

ಇಷ್ಟೆಲ್ಲ ಇರುವ ಚೀಲದಲ್ಲಿ ಒಂದು ವಸ್ತು ಎಷ್ಟು ಹುಡುಕಿದರೂ ಸಿಗುವುದಿಲ್ಲ: ತಿಂಡಿ.

ಇದು ಹೊಸಬರಿಗೆ ಬೆರಗು. ಅವಳ ವಾರಗೆಯ ಹೆಂಗಸರೆಲ್ಲ ಪ್ರವಾಸವೆಂದರೆ ಚಪಾತಿ, ಪುಳಿಯೋಗರೆ, ಮೊಸರನ್ನ, ಕೋಡುಬಳೆ ಡಬ್ಬಿ ಕಟ್ಟಿಕೊಂಡು ರೈಲು ಹತ್ತಿದವರು. ಹೊರಗಿನ ನೀರನ್ನೂ ನಂಬದವರು. ಚೀಲದಜ್ಜಿಯೂ ಒಂದು ಕಾಲದಲ್ಲಿ ಹಾಗೇ ಇದ್ದಳು. ಜಗತ್ತಿನ ಅರ್ಧ ಭಾಗಕ್ಕೆ ಅಡಿಗೆ ಮಾಡಿ ಹಾಕಿದ ಮೇಲೆ, ಅರವತ್ತು ದಾಟಿದಾಗ, ಅವಳಿಗೆ ಜ್ಞಾನೋದಯವಾಯಿತು. "ಮನೆ ಚಿತ್ರಾನ್ನ ಮನೇಲೇ ತಿನ್ನಬೌದಲ್ಲ ಮಾರಾಯ್ತಿ, ಅದಕ್ಕೆ ಉಡುಪಿಗೆ ಯಾಕೆ ಹೋಗ್ಬೇಕು?" ಈ ಪ್ರಶ್ನೆಗೆ ಇಡೀ ಜನ್ನಾಪುರದಲ್ಲಿ ಉತ್ತರ ಸಿಕ್ಕಿಲ್ಲ. ಮಕ್ಕಳ ಕೈ ಖಾಲಿ ಇರಬೇಕು, ಹೊಟ್ಟೆಯೂ ಖಾಲಿ ಇರಬೇಕು. ಚೀಲ ಹೊಲಿಯುವುದೇ ಅದಕ್ಕೆ.

ಅಜ್ಜ ಬೇರೆಯೇ ಜಾತಿಯ ತಿನ್ನುಗ. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ, ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆಯಲ್ಲಿ ಅವನ ಅಪ್ಪನೂ ಇದ್ದ, ಅವನೂ ಇದ್ದ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನು ಇರಲೇಬೇಕೆಂದು ಸರ್ಕಾರ ನಿಯಮ ಮಾಡಬಹುದಿತ್ತು. ಆ ಒಂದು ಕಲಮು ಇವನ ನಾಲಿಗೆಯನ್ನು ಮೂವತ್ತು ವರ್ಷ ರೂಪಿಸಿತು. ಈಗ ಯಾವ ಊರಿನ ಸಾಂಬಾರು ಕೊಟ್ಟರೂ ಒಂದು ಚಮಚ ಬಾಯಿಗೆ ಹಾಕಿ, ಸೂರು ನೋಡಿ, "ನಮ್ಮ ಕ್ಯಾಂಟೀನಿಂದು ಇದಕ್ಕಿಂತ..." ಎಂದು ಶುರು ಮಾಡುತ್ತಾನೆ. ಆ ವಾಕ್ಯವನ್ನು ಪೂರ್ತಿ ಕೇಳಿದವರು ಯಾರೂ ಇಲ್ಲ.

ಮಕ್ಕಳು ಊರು ಬಿಟ್ಟದ್ದಕ್ಕೂ ಈ ಪ್ರವಾಸಗಳಿಗೂ ಸಂಬಂಧ ಇದೆ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಅಜ್ಜನ ಉಕ್ಕಿನ ಕಾರ್ಖಾನೆಯದೂ ಮುಚ್ಚುವ ಮಾತು, ತೆರೆಯುವ ಮಾತು, ಮತ್ತೆ ಮುಚ್ಚುವ ಮಾತು. ಹುಡುಗರು ಬೆಂಗಳೂರು ಸೇರಿದರು. ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬಂದಾಗ ಖಾಲಿ ಕ್ವಾರ್ಟರ್ಸ್ ತೋರಿಸಿ ಏನು ಮಾಡುವುದು? ಹಾಗಾಗಿ ಅಜ್ಜಿ ಅವರಿಗೆ ರಸ್ತೆ ತೋರಿಸುತ್ತಾಳೆ.

ಆ ರಸ್ತೆಯಂತೂ ಮನೆ ಮುಂದೆಯೇ ಇದೆ. ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ. ಸರ್ಕಾರಿ ಕಾಗದದಲ್ಲಿ ಅದು ಮೊದಲು ರಾಷ್ಟ್ರೀಯ ಹೆದ್ದಾರಿ 206, ಈಗ ಈ ಭಾಗದಲ್ಲಿ 69. ಚೀಲದಜ್ಜಿಯ ಕಾಗದದಲ್ಲಿ ಅದು ಒಂದು ತುದಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಇನ್ನೊಂದು ತುದಿಗೆ ಹೊನ್ನಾವರದ ಮೀನೂಟ. ಮೀನು ಮುಟ್ಟದ ಮನೆಯ ಚೀಲದಜ್ಜಿಯರು ಸಾಗರದಲ್ಲೇ ಗಾಡಿ ತಿರುಗಿಸುತ್ತಾರೆ. ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು ಇವೆಲ್ಲ ನಡುವಿನ ಕಾಫಿಗಳು.

ಹೊಸ ಊರಿನಲ್ಲಿ ಹೋಟೆಲು ಹುಡುಕುವುದಕ್ಕೆ ಅವಳದೊಂದು ಶಾಸ್ತ್ರವಿದೆ. ಬಸ್ಸು ತಾನಾಗಿ ನಿಲ್ಲುವ ಹೋಟೆಲಿಗೆ ಕಾಲಿಡಬಾರದು. ಬೆಳಗ್ಗೆ ಹನ್ನೊಂದಕ್ಕೆ ಕೋರ್ಟಿನ ಗುಮಾಸ್ತರು, ಬ್ಯಾಂಕಿನವರು ಎಲ್ಲಿ ನುಗ್ಗುತ್ತಾರೆ ನೋಡಬೇಕು. ಮಾಣಿ ಬಾಯಲ್ಲಿ ಹೇಳುವ ಪಟ್ಟಿಯಲ್ಲಿ ಯಾವುದನ್ನು ಉಸಿರು ಬಿಡದೆ ಹೇಳುತ್ತಾನೋ ಅದು ತಯಾರಿದೆ, ಯಾವುದಕ್ಕೆ ಒಂದು ಕ್ಷಣ ತಡವರಿಸುತ್ತಾನೋ ಅದು ನಿನ್ನೆಯದು. ಚಟ್ನಿ ಎರಡನೇ ಸಲ ಕೇಳಿದಾಗ ಮುಖ ಗಂಟಿಕ್ಕಿದರೆ ಆ ಊರಿಗೆ ಮತ್ತೆ ಬರುವ ಅಗತ್ಯವಿಲ್ಲ. ಮತ್ತು, ಎಂಥ ಊರಾದರೂ, ಮಕ್ಕಳು ಒಬ್ಬೊಬ್ಬರೂ ಒಂದೊಂದು ಬೇರೆ ತಿಂಡಿ ಹೇಳಬೇಕು. ನಾಲ್ಕು ಮಸಾಲೆ ದೋಸೆ ಒಟ್ಟಿಗೆ ಹೇಳುವ ಸಂಸಾರವನ್ನು ಕಂಡರೆ ಅವಳಿಗೆ ಕರುಣೆ.

ಸೊಸೆಗೆ ಇದೆಲ್ಲ ಹಿಡಿಸದು. ಅವಳ ಕೈಯಲ್ಲಿ ಫೋನಿದೆ, ಫೋನಿನಲ್ಲಿ ನಕ್ಷತ್ರಗಳಿವೆ.

"ಅತ್ತೆ, ಇಲ್ಲಿ ಹತ್ತಿರದಲ್ಲೇ ನಾಲ್ಕೂ ಕಾಲು ಸ್ಟಾರಿಂದು ಇದೆ."

"ಉಳಿದ ಮುಕ್ಕಾಲು ಯಾರು ಕಡಿಮೆ ಮಾಡಿದ್ದು, ಕೇಳು. ಅವ್ರು ಏನು ತಿಂದಿದ್ರು?"

"ಸರ್ವಿಸ್ ಸ್ಲೋ ಅಂತ ಬರ್ದಿದಾರೆ."

"ಹಾಗಾದ್ರೆ ಬಿಸಿಯಾಗಿ ಮಾಡ್ತಾರೆ ಅಂತಾಯ್ತು. ನಡಿ."

ಸೊಸೆ ಕೊಂಡ ಗಾಲಿಯ ಬ್ಯಾಗು, ಮೇಲೆ ಕಾರ್ಟೂನು ಗೊಂಬೆ ಇರುವುದು, ಶಿವಮೊಗ್ಗ ಟೌನ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಒಂದು ಗಾಲಿ ಕಳಚಿಕೊಂಡಿತು. ಅಜ್ಜಿ ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ಸೊಸೆ ಅರಸೀಕೆರೆಯವರೆಗೂ ಸಹಿಸಬೇಕಾಯಿತು.

ಅಜ್ಜಿಯ ಶಾಸ್ತ್ರಕ್ಕೂ ಪೆಟ್ಟು ಬಿದ್ದದ್ದು ಉಂಟು. ಶಿವಮೊಗ್ಗದ ಗಾಂಧಿ ಬಜಾರಿನ ಜಿಪ್ಪು ಹಾಕಿದ ಚೀಲಗಳನ್ನು ಬೆನ್ನಿಗೇರಿಸಿ, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದರೆ ಬಾಗಿಲು ಹಾಕಿತ್ತು. 1943ರಿಂದ ದೋಸೆ ಹೊಯ್ಯುತ್ತಿರುವ ಆ ಹೋಟೆಲಿಗೆ ಶುಕ್ರವಾರ ರಜೆ ಎಂಬುದು ಬೆಂಗಳೂರಿಗೆಲ್ಲ ಗೊತ್ತು, ಭದ್ರಾವತಿಗೆ ಗೊತ್ತಿರಲಿಲ್ಲ. ಕೈತುಂಬ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿಯನ್ನು ತೋರಿಸುತ್ತೇನೆಂದು ಮೊಮ್ಮಕ್ಕಳಿಗೆ ರೈಲಿನುದ್ದಕ್ಕೂ ಆಸೆ ಹುಟ್ಟಿಸಿದ್ದಳು. ಸೋಲೊಪ್ಪದೆ ಆಟೊ ಹಿಡಿದು ಲಾಲ್‌ಬಾಗ್ ರಸ್ತೆಯ ಎಂಟಿಆರ್ ಮುಂದೆ ಇಳಿದಳು. 1924ರಲ್ಲಿ ಶುರುವಾದ ಈ ಹೋಟೆಲು, ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿತು ಎಂಬ ಕಥೆ ಕಾಯುವ ಸಾಲಿನಲ್ಲಿ ಬಹಳ ಉಪಯೋಗಕ್ಕೆ ಬಂತು. "ಹಿಟ್ಲರ್‌ದೇ ಇಡ್ಲಿನಾ?" ಎಂದು ಆರು ವರ್ಷದವನು ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂದಿನಿಂದ ಚೀಲದ ಅಸ್ತರಿನ ಮೇಲೆ ಫೋನ್ ನಂಬರಿನ ಕೆಳಗೆ ಹೋಟೆಲುಗಳ ವಾರದ ರಜೆಯೂ ಕಸೂತಿಯಾಗಿದೆ.

ದಾವಣಗೆರೆಯಲ್ಲಿ ಈ ತೊಂದರೆ ಇಲ್ಲ. ಒಂದು ಬೆಣ್ಣೆ ದೋಸೆ ಹೋಟೆಲು ಮುಚ್ಚಿದ್ದರೆ ಪಕ್ಕದ ಬೀದಿಯಲ್ಲಿ ಇನ್ನೊಂದು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ಅಲ್ಲಿ ದೋಸೆ ಶುರು ಮಾಡಿದಳು, ಮೊದಲು ರಾಗಿಯದು, ಬೆಣ್ಣೆ ಆಮೇಲೆ ಬಂತು ಎಂದು ಆ ಊರಿನವರು ಹೇಳುತ್ತಾರೆ. ಚೀಲದಜ್ಜಿಗೆ ಚೆನ್ನಮ್ಮನ ಮೇಲೆ ವಿಶೇಷ ಅಭಿಮಾನ. ಮಕ್ಕಳನ್ನು ಕರೆದುಕೊಂಡು ಅಷ್ಟು ದೂರ ಬಂದವಳು ಚೀಲವನ್ನೂ ತಾನೇ ಹೊಲಿದಿರಬೇಕು ಎಂಬುದು ಅವಳ ಸಂಶೋಧನೆ.

ಉಡುಪಿ ದಾರಿಯ ಚೀಲ ಬೇರೆ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು; ಹಾಗಾಗಿ ಹೊರ ಜೇಬಿನಲ್ಲಿ ಒಂದು ನಿಂಬೆಹಣ್ಣು, ಎರಡು ಪ್ಲಾಸ್ಟಿಕ್ ಕವರು. ನಿಷೇಧ ಎಲ್ಲಿ ಹೋಯಿತು ಎಂದು ಕೇಳಿದರೆ, ಇದು 2016ಕ್ಕಿಂತ ಹಿಂದಿನ ದಾಸ್ತಾನು ಎನ್ನುತ್ತಾಳೆ. ಒಂಬತ್ತನೇ ತಿರುವಿನಲ್ಲಿ ಕವರು ತುಂಬಿಸಿದ ಮಗು ಉಡುಪಿಯ ಡಯಾನಾ ಹೋಟೆಲಿನಲ್ಲಿ ಉದ್ದದ ಗ್ಲಾಸಿನ ಗಡ್‌ಬಡ್ ಐಸ್‌ಕ್ರೀಮಿನ ತಳದ ಜೆಲ್ಲಿಯನ್ನು ಚಮಚದಿಂದ ಕೆರೆಯುತ್ತಿರುವುದನ್ನು ನೋಡಿದರೆ ವೈದ್ಯಶಾಸ್ತ್ರದ ಮೇಲಿನ ನಂಬಿಕೆಯೇ ಹೋಗುತ್ತದೆ.

2023ರಲ್ಲಿ ಶಿವಮೊಗ್ಗ ಬಳಿಯ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದಾಗ ಮಗ ಒಮ್ಮೆ ಟಿಕೆಟ್ ಕಳಿಸಿದ. ಕೈಚೀಲಕ್ಕೆ ಏಳು ಕಿಲೋ ಎಂದು ತಿಳಿದಾಗ ಅಜ್ಜಿಗೆ ಅಷ್ಟೊಂದು ಯಾಕೆ ಎಂದು ಆಶ್ಚರ್ಯವಾಯಿತು. ತಪಾಸಣೆಯಲ್ಲಿ ಅವಳ ಚೀಲದ ಕತ್ತರಿ ಹೋಯಿತು. ಅದಕ್ಕಿಂತ ಬೇಸರವಾದದ್ದು ಒಂದೇ ಗಂಟೆಗೆ ಬೆಂಗಳೂರು ಬಂದುಬಿಟ್ಟಿದ್ದು. ಕ್ಯಾತ್ಸಂದ್ರ ಎಲ್ಲೋ ಮೋಡದ ಕೆಳಗೆ ಉಳಿದುಬಿಟ್ಟಿತು. ಮತ್ತೆ ವಿಮಾನದ ಸುದ್ದಿ ಎತ್ತಿಲ್ಲ.

ಇನ್ನು ಆ ಪುಸ್ತಕ. ಪೇಪರ್‌ಟೌನಿನ ಮನೆಗಳ ಅಟ್ಟದಲ್ಲಿ ಇನ್ನೂ ಸಿಗುವ ಎಂಪಿಎಂ ಹಾಳೆಗಳನ್ನು ಮಡಚಿ, ಬೆನ್ನಿಗೆ ದಾರ ಹಾಕಿ ಅವಳೇ ಕಟ್ಟಿದ್ದು. ಹೋದ ಕಡೆಯಲ್ಲೆಲ್ಲ ಮಕ್ಕಳು ತಿಂದದ್ದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಶಿವಮೊಗ್ಗದ ಮೀನಾಕ್ಷಿ ಭವನದ ದೋಸೆ ಎಲ್ಲರ ಪುಸ್ತಕದ ಮೊದಲ ಪುಟ. ಬಾಕಿ ಊರುಗಳನ್ನು ಅಳೆಯಲು ಒಂದು ಅಳತೆಗೋಲು ಬೇಕಲ್ಲ. ಅಜ್ಜ ತನ್ನದೂ ಒಂದು ಪುಸ್ತಕ ಇರಲಿ ಎಂದ, ಕೊಟ್ಟರು. ಪ್ರತಿ ಪುಟದಲ್ಲೂ ಕ್ಯಾಂಟೀನಿಗೆ ಹತ್ತು.

ಹಿರಿಯ ಮೊಮ್ಮಗಳು ಕಳೆದ ಮಳೆಗಾಲ ಜೋಗಕ್ಕೆ ಹೋಗಿ ಬಂದಳು. 253 ಮೀಟರ್ ಎತ್ತರದಿಂದ ಶರಾವತಿ ಬೀಳುವುದನ್ನು ಅರ್ಧ ನಿಮಿಷ ನೋಡಿ, ಛತ್ರಿ ಹಿಡಿದು, ಬಜ್ಜಿಯ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತಳು. ಶಾಲೆಯಲ್ಲಿ 'ನಾನು ನೋಡಿದ ಜೋಗ' ಎಂದು ಪ್ರಬಂಧ ಬರೆಸಿದರು. ತನ್ನ ಚೀಲದ ಪುಸ್ತಕದಿಂದ ಇದ್ದದ್ದು ಇದ್ದ ಹಾಗೆ ಇಳಿಸಿದಳು: ಮೆಣಸಿನಕಾಯಿ ಬಜ್ಜಿ ಬಿಸಿ ಇತ್ತು, ಮಂಡಕ್ಕಿಗೆ ಈರುಳ್ಳಿ ಸಾಲದು, ಚಹಾದಲ್ಲಿ ಶುಂಠಿ ಚೆನ್ನಾಗಿತ್ತು, ನೀರು ಜಾಸ್ತಿ ಇತ್ತು. ಮೇಡಂ ಹತ್ತಕ್ಕೆ ಏಳು ಕೊಟ್ಟು, ಅಂಚಿನಲ್ಲಿ ಕೆಂಪು ಶಾಯಿಯಿಂದ 'ಯಾವ ಅಂಗಡಿ?' ಎಂದು ಕೇಳಿದ್ದರು.