‘ನಾನು ಕಟ್‌ಆಫ್, ಜೋಯಿಸ ಅಲ್ಲ’

ಕೋಲಾರದ ಒಂದು ಸೈಬರ್ ಸೆಂಟರು. ಗೋಡೆಯ ಮೇಲೆ ಹೋದ ವರ್ಷದ ಸಿಇಟಿ ಕಟ್‌ಆಫ್ ಪಟ್ಟಿಯ ಜೆರಾಕ್ಸು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಬಂದ ಅಪ್ಪಂದಿರು ಬೆರಳಾಡಿಸಿ ಕಂಪ್ಯೂಟರ್ ಸೈನ್ಸ್ ಸಾಲು ಅರ್ಧ ಅಳಿಸಿಹೋಗಿದೆ. ಕರೆಂಟು ಹೋಗಿ ಎಲ್ಲರೂ ಟೀ ಕುಡಿಯಲು ಎದ್ದಾಗ ಪಟ್ಟಿ ಮಾತಿಗೆ ಸಿಕ್ಕಿತು.

ಪ್ರಶ್ನೆ: ಜಿಲ್ಲೆಯ ಕಣ್ಣೆಲ್ಲ ತಮ್ಮ ಮೇಲೇ ಇದೆಯಲ್ಲ?

ಕಟ್‌ಆಫ್: ಬೆಳಗ್ಗೆಯಿಂದ ಒಂದೇ ಮಾತು, ‘ಸಾರ್, ನಮ್ ಹುಡುಗನಿಗೆ ಸೀಟು ಸಿಗ್ತದಾ?’ ನಾನೇನು ಗಿಳಿಶಾಸ್ತ್ರದವನಾ?

ಪ್ರಶ್ನೆ: ಮತ್ತೆ ತಾವು ಯಾರು?

ಕಟ್‌ಆಫ್: ಹೋದ ವರ್ಷ ಆ ಕಾಲೇಜಿನ ಆ ಬ್ರಾಂಚಿನಲ್ಲಿ, ಆ ಕೆಟಗರಿಯಲ್ಲಿ ಕಟ್ಟಕಡೆಯ ಸೀಟು ಸಿಕ್ಕವರ ರ‍್ಯಾಂಕು. ಅಷ್ಟೇ. ಪರೀಕ್ಷಾ ಪ್ರಾಧಿಕಾರದವರು ಮೊದಲೇ ಎಳೆದಿಟ್ಟ ಗೆರೆ ಅಲ್ಲ. ಸೀಟು ಹೆಚ್ಚಾದರೆ ನಾನು ಕೆಳಗಿಳಿಯುತ್ತೇನೆ, ಎಲ್ಲರೂ ಒಂದೇ ಬ್ರಾಂಚಿಗೆ ಮುಗಿಬಿದ್ದರೆ ಮೇಲೇರುತ್ತೇನೆ. ಕೋಲಾರದವರಿಗೆ ಇದು ಹೇಳಬೇಕೆ? 2023ರ ಜುಲೈಯಲ್ಲಿ ನಿಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ಆ ರೇಟು ನಂಬಿ ಮುಂದಿನ ವರ್ಷ ನಾಟಿ ಮಾಡಿದವರನ್ನು ಕೇಳಿ ನೋಡಿ.

ಪ್ರಶ್ನೆ: 2021ರ ಪಟ್ಟಿಯನ್ನೂ ಕೆಲವರು ಜೇಬಲ್ಲಿಟ್ಟುಕೊಂಡಿದ್ದಾರೆ.

ಕಟ್‌ಆಫ್: ಅಯ್ಯೋ, ಅದನ್ನು ಒಲೆಗೆ ಹಾಕಿ. ಆ ವರ್ಷ ಕೊರೊನಾ. ಸಿಇಟಿ ಅಂಕವೊಂದನ್ನೇ ಹಿಡಿದರು. ಮಾಮೂಲಿ ಲೆಕ್ಕದಲ್ಲಿ ಸಿಇಟಿಯ 180 ಅಂಕದ್ದು ಅರ್ಧ ಪಾಲು, ಪಿಯುಸಿಯ ಪಿಸಿಎಂ ಅಂಕದ್ದು ಇನ್ನರ್ಧ. ‘ಪಿಯು ಪಾಸಾದರೆ ಸಾಕು, ಸಿಇಟಿ ನೋಡ್ಕೋ’ ಎಂದ ಮಾವಂದಿರೆಲ್ಲ ಈಗ ಫೋನೆತ್ತುತ್ತಿಲ್ಲ.

ಪ್ರಶ್ನೆ: ಒಂದೇ ಕೆಟಗರಿಗೆ ಮೂರು ಮೂರು ಕಾಲಂ ಯಾಕೆ? 2ಎಜಿ, 2ಎಆರ್, 2ಎಕೆ?

ಕಟ್‌ಆಫ್: ಜಿ ಅಂದರೆ ಸಾಮಾನ್ಯ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಶೇ 15, ಕನ್ನಡದಲ್ಲಿ ಓದಿದ್ದರೆ ಶೇ 5. ನಿನ್ನೆ ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರೊಬ್ಬರು ಬಂದಿದ್ದರು. ಮಗಳನ್ನು ಎಲ್‌ಕೆಜಿಯಿಂದಲೇ ಹಳದಿ ವ್ಯಾನು ಹತ್ತಿಸಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳಿಸಿದ್ದಾರೆ. ಮನೆ ಹಳ್ಳಿಯಲ್ಲಿ, ಹೊಲ ಹಳ್ಳಿಯಲ್ಲಿ, ಮಗಳು ಮಾತ್ರ ದಾಖಲೆಯಲ್ಲಿ ಪೇಟೆಯವಳು. ಆರ್ ಕೂಡ ಇಲ್ಲ, ಕೆ ಕೂಡ ಇಲ್ಲ. ಪಕ್ಕದ ಮನೆಯ ಸರ್ಕಾರಿ ಶಾಲೆ ಹುಡುಗ ಬಿಇಒ ಸಹಿಯ ವ್ಯಾಸಂಗ ಪ್ರಮಾಣಪತ್ರ ಹಿಡಿದು ಎರಡೂ ಕಾಲಂ ನೋಡುತ್ತಿದ್ದ. ಇಷ್ಟು ವರ್ಷ ವ್ಯಾನಿಗೆ ಫೀಸು ಕಟ್ಟಿದವರ ಮುಖ ನೋಡಲಾಗಲಿಲ್ಲ.

ಪ್ರಶ್ನೆ: ಸಿವಿಲ್ ಸಾಲಿನ ಮೇಲೆ ಬೆರಳಿನ ಗುರುತೇ ಇಲ್ಲ?

ಕಟ್‌ಆಫ್: ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ 2007ರವರೆಗೂ ಇದೇ ಕೋಲಾರ ಜಿಲ್ಲೆಯಲ್ಲಿತ್ತು. ಅವರು ಸಿವಿಲ್ ಎಂಜಿನಿಯರು. 1917ರಲ್ಲಿ ಶುರುವಾದ ಯುವಿಸಿಇಗೆ ಅವರದೇ ಹೆಸರು. ಆ ಹೆಸರಿನ ಕಾಲೇಜು ಎಲ್ಲರಿಗೂ ಬೇಕು, ಅವರ ಬ್ರಾಂಚು ಯಾರಿಗೂ ಬೇಡ. ಸೆಪ್ಟೆಂಬರ್ 15ಕ್ಕೆ ಹಾರ ಹಾಕಿದರೆ ಮುಗಿಯಿತು.

ಪ್ರಶ್ನೆ: ಆಪ್ಷನ್ ಎಂಟ್ರಿ ಹೇಗೆ ಮಾಡಬೇಕು?

ಕಟ್‌ಆಫ್: ನನ್ನನ್ನು ನೋಡಿ ಹೆದರಿ ಮೇಲಿನ ಕಾಲೇಜುಗಳನ್ನೇ ಬಿಟ್ಟುಬಿಡುತ್ತಾರೆ, ಅದೇ ತಪ್ಪು. ಕಂಪ್ಯೂಟರು ರ‍್ಯಾಂಕಿನ ಸರದಿಯಲ್ಲಿ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ನೋಡುತ್ತದೆ. ಮೊದಲು ಖಾಲಿ ಕಂಡದ್ದನ್ನು ಕೊಡುತ್ತದೆ. ಮೇಲೆ ಸಿಗದ ಆಸೆ ಬರೆದರೆ ಕೆಳಗಿನ ಸೀಟು ಕೈತಪ್ಪುವುದಿಲ್ಲ. ಬೇಡವಾದದ್ದನ್ನು ಮೇಲೆ ಬರೆದರೆ ಮಾತ್ರ ಅದೇ ಗಂಟುಬೀಳುತ್ತದೆ.

ಪ್ರಶ್ನೆ: ‘ಕಟ್‌ಆಫ್ ಬರಲ್ಲ, ಈಗಲೇ ಅಡ್ವಾನ್ಸ್ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು ಹಿಡೀರಿ’ ಎನ್ನುವ ಏಜೆಂಟರು?

ಕಟ್‌ಆಫ್: ನನ್ನ ಹೆಸರಲ್ಲಿ ಅವರು ಸಂಪಾದಿಸಿದ್ದು ನನಗೇ ಗೊತ್ತಿಲ್ಲ! ಇನ್ನೂ ಮೊದಲ ಸುತ್ತೇ ಆಗಿಲ್ಲ. ಎರಡನೆಯ ಸುತ್ತಿನಲ್ಲಿ ನಾನು ಎಲ್ಲಿರುತ್ತೇನೋ ನನಗೇ ತಿಳಿಯದು, ಅವರಿಗೆ ತಿಳಿದೀತೆ?

ಪ್ರಶ್ನೆ: ಪೋಷಕರಿಗೆ ಏನು ಹೇಳುತ್ತೀರಿ?

ಕಟ್‌ಆಫ್: ಹತ್ತು ಆಪ್ಷನ್ ಬರೆದು ಎದ್ದು ಹೋಗಬೇಡಿ. ಬೆಂಗಳೂರಿನ ಕಾಲೇಜುಗಳ ಕೆಳಗೆ ಕೋಲಾರದ ಸಿ. ಬೈರೇಗೌಡ, ಕೆಜಿಎಫ್‌ನ ತಿಮ್ಮಯ್ಯ ಕಾಲೇಜನ್ನೂ ಸೇರಿಸಿ, ಮನೆಯಿಂದ ಓಡಾಡಬಹುದು. ಅಣಕು ಹಂಚಿಕೆ ಬಂದ ಮೇಲೆ ಪಟ್ಟಿಯನ್ನು ಮಗುವಿನ ಜೊತೆ ಕೂತು ಮತ್ತೊಮ್ಮೆ ಜೋಡಿಸಿ. ಲಾಗಿನ್ ಪಾಸ್‌ವರ್ಡನ್ನು ಮಾತ್ರ ಈ ಅಂಗಡಿಯಲ್ಲಿ ಬಿಟ್ಟು ಹೋಗಬೇಡಿ.