ಕಂಬಳಿಯನ್ನು ಕೇಳಿ ಕಡಲಿಗೆ ಹೋಗಿ

ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ರಾಜ್ಯದಲ್ಲೇ ಮಳೆ ಮುನಿಸಿಕೊಂಡ ಸೀಮೆ. ಬೇಸಿಗೆ ಬಂತೆಂದರೆ ಇಲ್ಲಿ ‘ಒಂದು ದಿನ ಬೀಚಿಗೆ ಹೋಗಿಬರೋಣ’ ಎಂಬ ಮಾತು ಮನೆಮನೆಯಲ್ಲೂ ಏಳುತ್ತದೆ. ಯಾವ ಬೀಚು ಎಂಬುದು ಹೇಗೆ ತೀರ್ಮಾನವಾಗುತ್ತದೆಂದು ತಿಳಿಯಲು, ಇಂಥ ಪ್ರಯಾಣಗಳಲ್ಲೆಲ್ಲ ಟೆಂಪೊ ಟ್ರಾವೆಲರ್‌ನ (ಟಿ.ಟಿ.) ಹಿಂದಿನ ಸೀಟಿನಡಿ ಕೂತು ಹೋಗಿಬಂದ ಚಳ್ಳಕೆರೆಯ ಕರಿ ಕಂಬಳಿಯೊಂದನ್ನು ಮಾತಿಗೆಳೆದೆವು. ಅಟ್ಟದಿಂದ ಇಳಿಸಿ ಕೊಡವಿದರೆ ಹೋದ ವರ್ಷದ ಮರಳು ಉದುರಿತು.

ಅಜ್ಜಾ, ಬೀಚು ಆರಿಸೋರು ಯಾರು?

ಯಾರೂ ಇಲ್ಲ ತಮ್ಮಾ. ಮೊದಲು ದೇವಸ್ಥಾನ ಆರಿಸ್ತಾರೆ. ಅದರ ಮಗ್ಗುಲಿಗೆ ಸಮುದ್ರ ಇದ್ರೆ ಅದೇ ಬೀಚು. ಮುರ್ಡೇಶ್ವರ ಪ್ರತಿ ಸಲ ಯಾಕೆ ಗೆಲ್ತೈತೆ ಅಂದ್ಕಂಡೆ? ಅಜ್ಜಿಗೆ ಕೈ ಮುಗಿಯೋಕೆ 123 ಅಡಿ ಶಿವ, ಹುಡುಗರಿಗೆ ಗೋಪುರದ ಲಿಫ್ಟು, ಬೀಗರ ಹೊಟ್ಟೆ ಉರಿಸೋಕೆ ಫೋಟೊ. ಟೈಮ್ ಉಳಿದ್ರೆ ನೀರು.

ಬೇರೆ ಹೆಸರುಗಳು ಬರೋದೇ ಇಲ್ವಾ?

ಬರ್ತಾವೆ, ಬಿದ್ದೋಗ್ತಾವೆ. ಕಾಸರಕೋಡು, ಪಡುಬಿದ್ರಿ ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ತು. ನೀರು ಪರೀಕ್ಷೆ ಮಾಡಿ, ಚೊಕ್ಕಟ ಇದ್ರೆ ಕೊಡೋ ಬಾವುಟ. ನಮ್ಮ ಮಾವನೋರು ‘ಅದ್ಯಾವ ಪಕ್ಷದ್ದು?’ ಅಂದ್ರು. ಅಲ್ಲಿ ಮರಳಲ್ಲಿ ಒಲೆ ಹೂಡಂಗಿಲ್ವಂತೆ ಅಂತ ಯಾರೋ ಅಂದ್ರು, ಅಲ್ಲಿಗೆ ಮುಗೀತು. ಮಲ್ಪೆ ಅಂದ್ರೆ ಸೇಂಟ್ ಮೇರಿಸ್ ದ್ವೀಪದ ದೋಣಿಗೆ ತಲೆಗಿಷ್ಟು ಅಂತ ಕೊಡಬೇಕು. ನಮ್ಮಲ್ಲಿ ತಲೆ ಜಾಸ್ತಿ. ಮರವಂತೆ ಮಾತ್ರ ಚಿಕ್ಕಮ್ಮಂಗೆ ಹಿಡಿಸಿತ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೈವೇ. ಗಾಡಿ ಇಳೀದಂಗೇ ನೋಡಬಹುದು.

ಇಳಿಯೋಕೆ ಅವರಿಗೇನು ಕಷ್ಟ?

ಉಟ್ಟಿದ್ದು ಮೊಳಕಾಲ್ಮೂರು ರೇಷ್ಮೆ ಸೀರೆ ಕಣಪ್ಪ. ದೇವಸ್ಥಾನಕ್ಕೆ ಅಂತ ಉಟ್ಟಿದ್ದು, ಉಪ್ಪುನೀರಿಗೆ ಹೆಂಗೆ ಇಳಿಸ್ತಾರೆ? ಜರಿ ಅಂಚು ಎರಡು ಕೈಲೂ ಎತ್ತಿ ಹಿಡ್ಕಂಡು, ಕಾಲುಂಗುರ ನೆನೆಯೋವಷ್ಟು ನೀರು ಮುಟ್ಟಿ ವಾಪಸ್ಸು ಬಂದ್ರು. ಆ ಸೀರೆ ದಾರಿಯುದ್ದಕ್ಕೂ ನನ್ನ ಮುಟ್ಟಿಸ್ಕಂಡಿಲ್ಲ. ಒಂದೇ ಜಿಲ್ಲೇಲಿ ನೇಯ್ದಿದ್ದೀವಿ ಅನ್ನೋ ನೆಪ್ಪಾದ್ರೂ ಬ್ಯಾಡ್ವಾ?

ಒಂದೇ ದಿನದಲ್ಲಿ ಹೋಗಿಬರೋಕೆ ಆಗುತ್ತಾ?

ಹೋಗೋಕೇ 300 ಕಿಲೋಮೀಟರಿಗೆ ಮೇಲೆ. ಶನಿವಾರ ರಾತ್ರಿ ಉಂಡು ಹೊರಟ್ರೆ ಚಿತ್ರದುರ್ಗ, ಶಿವಮೊಗ್ಗ, ಸಾಗರ. ಗೇರುಸೊಪ್ಪೆ ಘಟ್ಟದ ತಿರುವಲ್ಲಿ ಅರ್ಧ ಗಾಡಿ ನಿಂಬೆಹಣ್ಣು ಮೂಸ್ತಿರ್ತದೆ, ಇನ್ನರ್ಧಕ್ಕೆ ನಿಂಬೆಹಣ್ಣು ಸಿಕ್ಕಿರಲ್ಲ. ಸೋಮವಾರ ಬೆಳಗಿನ ಜಾವ ವಾಪಸ್ಸು. ಇದಕ್ಕೆ ‘ಒಂದು ದಿನ’ ಅಂತ ಹೆಸರಿಟ್ಟಿದ್ದು ರಜೆ ಕೊಡೋ ಸಾಹೇಬರಿಗೋಸ್ಕರ.

ದಡದಲ್ಲಿ ನಿಮ್ಮ ಪಾಡು?

ಮೇ ತಿಂಗಳ ಬಿಸಿಲಲ್ಲಿ ಸುಡೋ ಮರಳಿನ ಮೇಲೆ ಕುರಿ ಉಣ್ಣೆ ಹಾಸ್ತಾರೆ. ಅದರ ಮೇಲೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನದ ಡಬ್ಬಿ. ಆಮೇಲೆ ಅನ್ನದಾಗೆ ಕೂದಲು ಬಂತು ಅಂತ ನನ್ನೇ ಬೈತಾರೆ. ಕಂಬಳೀಲಿ ಬುತ್ತಿ ಬಿಚ್ಚಿದ ಮೇಲೆ ಇನ್ನೇನು ಬಂದೀತು? ನೇಯುವಾಗ ಹುಣಸೆಬೀಜದ ಗಂಜಿ ಕುಡಿಸಿ ನನ್ನ ಬಿಗಿ ಮಾಡಿದ್ರು. ಒಂದು ಅಲೆ ಬಂತು ನೋಡು, ಮೈ ಬಿಗಿಯೆಲ್ಲ ಕರಗಿ ಲೊಚಲೊಚ. ಹಿಂಡೋಕೆ ನಾಲ್ಕು ಆಳು ಬೇಕಾಯ್ತು.

ಜಪಾನಿನೋರು ಬೇಸಿಗೇಲಿ ಒಂದೇ ದಿನಕ್ಕೆ ಸಮುದ್ರಕ್ಕೆ ಹೋಗಿಬರ್ತಾರಂತೆ.

ಹೋಗದೇ ಏನು, ಟೋಕಿಯೊದಿಂದ ಎನೊಶಿಮಾ ಕಡಲಿಗೆ ರೈಲಲ್ಲಿ ಒಂದು ಗಂಟೆ ಚಿಲ್ಲರೆ. ಜುಲೈ ಮೂರನೇ ಸೋಮವಾರ ಸಮುದ್ರದ ಹೆಸರಲ್ಲಿ ಸರ್ಕಾರಿ ರಜೆ. ಈಜೋ ದಡಗಳನ್ನ ಪೂಜೆ ಮಾಡಿ ‘ತೆರೀತಾರೆ’, ಕಾಯೋರನ್ನ ನಿಲ್ಲಿಸ್ತಾರೆ. ಆಗಸ್ಟ್ ನಡುವೆ ಓಬೋನ್ ಹಬ್ಬ ಕಳೀತಿದ್ದಂಗೆ ಜೆಲ್ಲಿ ಮೀನು ಕಚ್ತಾವೆ ಅಂತ ನೀರಿಗಿಳಿಯೋದನ್ನ ಬಿಡೋರೇ ಜಾಸ್ತಿ. ಅವರು ಸಮುದ್ರ ಹೆಂಗೈತೆ ಅಂತ ಕೇಳಿ ಹೊರಡ್ತಾರೆ. ನಮ್ಮಲ್ಲಿ ಪಾರ್ಕಿಂಗ್ ಹೆಂಗೈತೆ ಅಂತ ಕೇಳ್ತಾರೆ.

ನಮ್ಮ ಕಡೆಯವರಿಗೆ ಸಮುದ್ರದ ಭಯ ಇಲ್ವಾ?

ಮೊಳಕಾಲುದ್ದ ನೀರು ಕಂಡ್ರೇ ಹಬ್ಬ ಮಾಡೋ ಸೀಮೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ನೀರಿಗೆ ಹೆದರೋದನ್ನ ಇಲ್ಲಿ ಯಾರು ಯಾವಾಗ ಕಲಿಯಬೇಕು? 2024ರ ಡಿಸೆಂಬರಲ್ಲಿ ಮುರ್ಡೇಶ್ವರದಾಗೆ ಮುಳಬಾಗಿಲು ಕಡೆಯ ಶಾಲೆಯ ನಾಲ್ಕು ಹುಡುಗೀರು ಮುಳುಗಿ ಹೋದ್ರು. ಅದೂ ನಮ್ಮಂಗೆ ಬಯಲುಸೀಮೆ. ಆ ಮಾತಲ್ಲಿ ನಗೋದು ಏನೂ ಇಲ್ಲ. ಮೊಳಕಾಲ್ಮೂರು ಪಕ್ಕದ ಬ್ರಹ್ಮಗಿರಿ ಬಂಡೆ ಮೇಲೆ ಅಶೋಕ ತಾಯಿ-ತಂದೆ ಮಾತು ಕೇಳಿ, ಗುರುಗಳಿಗೆ ಗೌರವ ಕೊಡಿ ಅಂತ ಬರೆಸಿದಾನೆ. ಲೈಫ್‌ಗಾರ್ಡ್ ಸೀಟಿ ಊದಿದ್ರೆ ಮೇಲಕ್ಕೆ ಬನ್ನಿ ಅಂತ ಒಂದು ಸಾಲು ಸೇರಿಸಿದ್ರೆ ನಮ್ಮೋರು ಅದನ್ನೂ ಓದ್ತಿರಲಿಲ್ಲ ಬಿಡು.

ನಿಮಗೇ ಆರಿಸೋಕೆ ಬಿಟ್ಟರೆ?

ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ. ಹತ್ರ, ಉಪ್ಪಿಲ್ಲ, ಹೆಸರಲ್ಲೇ ಸಾಗರ ಐತೆ. ಹೇಳಿದೆ. ‘ಅದನ್ನ ಸ್ಟೇಟಸ್ ಹಾಕಿದ್ರೆ ಯಾರು ನೋಡ್ತಾರೆ’ ಅಂದ್ರು.

ಈ ವರ್ಷದ ಟ್ರಿಪ್ ಯಾವಾಗ?

ಜೂನ್ ಎರಡನೇ ಭಾನುವಾರ, ಮುರ್ಡೇಶ್ವರ.

ಅಜ್ಜಾ, ಆಗ ಮುಂಗಾರು! ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರರ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯೋ ಹಂಗಿಲ್ಲ.

ನಾನೂ ಅದನ್ನೇ ಅಂದೆ ತಮ್ಮಾ. ಮದುವೆ ಸೀಜನ್ ಮುಗಿದಿರ್ತದೆ, ಟಿ.ಟಿ. ಬಾಡಿಗೆ ಕಮ್ಮಿ ಅಂತೆ.